ಚೂಡಾಮಣಿ ಎಂಬ ಹೆಸರು ಗೊತ್ತಿದ್ದವರು

“ಮತ್ತೆ ಹೊರಗೆ ಹಾಕ್ತು ಅಕ್ಕ!” ಎಂದು ಕೋಕಿಲಾ ಹಣೆ ಚಚ್ಚಿಕೊಂಡಳು.

ನೀವು ಬಹಳ ಹೊತ್ತಿನಿಂದ ಏನೂ ಮಾಡುತ್ತಿಲ್ಲ, ನಿಮ್ಮ ಸುರಕ್ಷತೆಗಾಗಿ ಲಾಗ್‌ಔಟ್ ಮಾಡಲಾಗಿದೆ ಎಂದು ಪೋರ್ಟಲ್ ಭಾರಿ ವಿನಯದಿಂದ ತಿಳಿಸಿತ್ತು. ಏನೂ ಮಾಡದೆ ಎಲ್ಲಿ ಕೂತಿದ್ದರು? ಅದರ ಪುಟ ತೆರೆಯಲಿ ಅಂತಲೇ ಮೂವರು ಹೆಂಗಸರು ಸೀಡರ್ ಪಾರ್ಕ್ ಎಂಬ ಟೆಕ್ಸಸ್ ಊರಿನ ಕೋಕಿಲಾಳ ಅಡುಗೆಮನೆಯಲ್ಲಿ ಬೆಳಗಿನಿಂದ ಲ್ಯಾಪ್‌ಟಾಪಿನ ಮುಂದೆ ತಪಸ್ಸು ಮಾಡುತ್ತಿದ್ದರು.

“ಸುರಕ್ಷತೆಯಂತೆ ಸುರಕ್ಷತೆ!” ಶ್ರೀವಿದ್ಯಾ ಗೊಣಗಿದಳು. “ಕಂಡೋರು ಒಳಗೆ ನುಗ್ಗಿ ಕಾಲು ಚಾಚಿ ಕೂತಾಗ ಈ ಸುರಕ್ಷತೆ ಎಲ್ಲಿ ಮಲಗಿತ್ತು? ಹೊಡಿ, ಇನ್ನೊಂದ್ಸಲ ಹೊಡಿ ಪಾಸ್‌ವರ್ಡು.”

ಕೋಕಿಲಾ ಹೊಡೆದಳು. ಫೋನಿಗೆ ಕೋಡ್ ಬಂತು. ಅದನ್ನೂ ಹಾಕಿದಳು. ತೆರೆಯ ಮೇಲೆ ಚಕ್ರ ತಿರುಗತೊಡಗಿತು.

ಶ್ರೀವಿದ್ಯಾ ಬೆಂಗಳೂರಿನಲ್ಲಿದ್ದಾಗ ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಸುಳ್ಳು ಕ್ಲೇಮುಗಳನ್ನು ಹಿಡಿಯುವ ಕೆಲಸ ಮಾಡುತ್ತಿದ್ದವಳು. ಡಲ್ಲಾಸ್ ಪಕ್ಕದ ಮರ್ಫಿಗೆ ಬಂದು ಸಂಸಾರ ಹೂಡಿದ ಮೇಲೂ ಕನ್ನಡದವರ ಮನೆಯಲ್ಲಿ ಏನೇ ಗೋಲ್‌ಮಾಲ್ ಆದರೂ ಮೊದಲ ಫೋನು ಅವಳಿಗೇ ಬರುತ್ತಿತ್ತು. ಈ ಸಲ ಕೋಕಿಲಾ ಮಾಡು ಅಂದದ್ದಕ್ಕೆ ಫೋನ್ ಮಾಡಿದ್ದು ನಿರುಪಮಾ, ಅವಳ ಪಕ್ಕದ ಬೀದಿಯ ಗೆಳತಿ, ಧಾರವಾಡದವಳು. “ಅಕ್ಕಾರ, ನಮ್ಮ ಕೋಕಿ ಅಳಾಕತ್ತಾಳ, ಲಗೂನ ಬರ್ರಿ” ಎಂದು ಅವಳು ಗೋಗರೆದದ್ದಕ್ಕೇ ಶ್ರೀವಿದ್ಯಾ ನಿನ್ನೆ ಹೈವೇ ಟ್ರಾಫಿಕ್ಕಿನಲ್ಲಿ ಅರ್ಧ ಆಯುಸ್ಸು ಕಳೆದುಕೊಂಡು ಇಲ್ಲಿಗೆ ಬಂದಿದ್ದಳು.

ಆಗಿದ್ದು ಇಷ್ಟು. ಚಿಪ್ ಕಂಪನಿಯವರು ಕೆಲಸದಿಂದ ತೆಗೆದ ಮೇಲೆ ಕೋಕಿಲಾ ರಾಜ್ಯದ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿದ್ದಳು. ಎರಡು ವಾರಕ್ಕೊಮ್ಮೆ ಪೋರ್ಟಲಿಗೆ ಹೋಗಿ, ಕೆಲಸ ಸಿಕ್ಕಿದರೆ ನಾಳೆಯೇ ಸೇರಲು ತಯಾರಿದ್ದೆ, ಇಂತಿಂಥ ಕಡೆ ಹುಡುಕಿದೆ ಎಂದು ಒಪ್ಪಿಸಿದರೆ ಮಾತ್ರ ಭತ್ಯೆ. ಅಷ್ಟರಲ್ಲಿ ಮೈಸೂರಿನಲ್ಲಿ ಅವಳ ತಾಯಿ ಅನಸೂಯಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಕೋಕಿಲಾ ಓಡಿದಳು. ದೇಶದಲ್ಲೇ ಇಲ್ಲದವಳು ನಾಳೆಯೇ ಕೆಲಸಕ್ಕೆ ಸೇರಲು ತಯಾರು ಅನ್ನುವ ಹಾಗಿಲ್ಲವಲ್ಲ, ಆ ವಾರಗಳ ಭತ್ಯೆಯನ್ನು ಅವಳು ಬೇಕೆಂದೇ ಕೇಳಲಿಲ್ಲ. ಆದರೆ ಯಾರೋ ಅವಳ ಹೆಸರಿನಲ್ಲಿ ಕೇಳಿದ್ದರು.

ಕದ್ದವನು ಕದ್ದದ್ದನ್ನು ಹೊತ್ತುಕೊಂಡು ಹೋಗಿದ್ದರೆ ಒಂದು ಅರ್ಥವಿರುತ್ತಿತ್ತು. ದುಡ್ಡು ಬಂದು ಬಿದ್ದದ್ದು ಕೋಕಿಲಾಳ ಖಾತೆಗೇ! ಹಳೆಯ ಬಾಕಿ ಬಂತು ಅಂದುಕೊಂಡು ಅವಳೂ ಸುಮ್ಮನಿದ್ದಳು. ಆಮೇಲೆ ಯಾರೋ ಪುಣ್ಯಾತ್ಮರು ಭತ್ಯೆಯ ಕಚೇರಿಗೆ ಹೆಸರಿಲ್ಲದ ದೂರು ಕೊಟ್ಟರು, ಈಕೆ ಇಂಡಿಯಾದಲ್ಲಿ ಕೂತು ಭತ್ಯೆ ತಗೊಂಡಿದ್ದಾಳೆ ಎಂದು. ಇವತ್ತು ಸಂಜೆ ನಾಲ್ಕಕ್ಕೆ ತನಿಖಾಧಿಕಾರಿ ಫೋನ್ ಮಾಡುವವರಿದ್ದರು. ಅವರು ವಂಚನೆ ಅಂತ ಬರೆದರೆ ಮುಂದಿನ ತಿಂಗಳು ಕೋಕಿಲಾಳ ಸಿಟಿಜನ್‌ಶಿಪ್ ಪ್ರಮಾಣವಚನಕ್ಕೆ ಕಲ್ಲು ಬಿದ್ದ ಹಾಗೆಯೇ.

“ಇಷ್ಟು ವರ್ಷದಲ್ಲಿ ಒಂದು ಸ್ಪೀಡಿಂಗ್ ಟಿಕೆಟ್ ಕೂಡ ತಗೊಂಡಿಲ್ಲ ಅಕ್ಕ” ಎಂದಳು ಕೋಕಿಲಾ. “ಈಗ ನನ್ನ ಕಳ್ಳಿ ಅಂತಾರಾ?”

“ಅತ್ತಿದ್ದು ಸಾಕು. ಪುಟ ತೆರೀತು, ನೋಡು.”

ತೆರೆದ ಪುಟದಲ್ಲಿ ಆ ವಾರಗಳಲ್ಲಿ ಕೋಕಿಲಾ ಎಲ್ಲೆಲ್ಲಿ ಕೆಲಸ ಹುಡುಕಿದಳು ಎಂಬ ವಿವರವಿತ್ತು. ಶ್ರೀವಿದ್ಯಾ ಕನ್ನಡಕ ಸರಿಮಾಡಿಕೊಂಡು ಓದಿದಳು. ಓದಿ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದಳು.

“ಪೈಪ್‌ಲೈನ್ ತುಕ್ಕು ತಪಾಸಣೆ ಎಂಜಿನಿಯರ್, ಹ್ಯೂಸ್ಟನ್ ಬಂದರು. ರಿಫೈನರಿ ಸೇಫ್ಟಿ ಸೂಪರ್‌ವೈಸರ್, ಬೇಟೌನ್. ಇದೇನೇ ಇದು? ನೀನು ಚಿಪ್ ಡಿಸೈನ್ ಅಲ್ವಾ?”

“ನಂಗೆ ಸಿಂಕ್ ಕೆಳಗಿನ ಪೈಪ್ ಬಿಚ್ಚೋಕೂ ಬರಲ್ಲ ಅಕ್ಕ!”

ಅಷ್ಟು ತಲೆಬಿಸಿಯಲ್ಲೂ ಶ್ರೀವಿದ್ಯಾಗೆ ನಗು ಬಂತು. ಸುಳ್ಳು ಹೇಳುವವರು ತಮಗೆ ಗೊತ್ತಿರುವುದನ್ನೇ ಹೇಳುತ್ತಾರೆ. ಇನ್ಶೂರೆನ್ಸ್ ಕಂಪನಿಯಲ್ಲಿ ಅವಳು ಕಲಿತ ಮೊದಲ ಪಾಠವೇ ಅದು.

“ನಿನ್ನ ಹಳೇ ಪಾಸ್‌ವರ್ಡ್ ಬದಲಾಗಿತ್ತು ಅಂದ್ಯಲ್ಲ, ಅಂದ್ರೆ ಪಾಸ್‌ವರ್ಡ್ ಮರೆತೆ ಅಂತ ಹೇಳಿ ಒಳಗೆ ಬಂದಿದಾರೆ. ಆಗ ಒಂದು ಗುಟ್ಟಿನ ಪ್ರಶ್ನೆ ಕೇಳಿರುತ್ತೆ. ನಿಂದು ಯಾವ ಪ್ರಶ್ನೆ?”

“ತಾಯಿಯ ಮದುವೆಗೆ ಮುಂಚಿನ ಹೆಸರು.”

“ಅದಕ್ಕೆ ಏನು ಕೊಟ್ಟಿದ್ದೆ?”

“ಚೂಡಾಮಣಿ.”

ಶ್ರೀವಿದ್ಯಾ ತಲೆ ಎತ್ತಿದಳು. “ನಿಮ್ಮಮ್ಮ ಅನಸೂಯಮ್ಮ ಅಲ್ವಾ?”

“ಅದು ಮದುವೇಲಿ ಇಟ್ಟ ಹೆಸರು. ತಟ್ಟೇಲಿ ಅಕ್ಕಿ ಹರಡಿ, ಅಪ್ಪ ಉಂಗುರದಲ್ಲಿ ಅನಸೂಯ ಅಂತ ಬರೆದರಂತೆ. ಅವತ್ತಿನಿಂದ ಎಲ್ಲರಿಗೂ ಅನಸೂಯ. ಚೂಡಾಮಣಿ ಅನ್ನೋದು ತವರಿನವರಿಗೆ ಮಾತ್ರ ಗೊತ್ತು. ನನ್ನ ಗಂಡ ಪ್ರಶಾಂತ್‌ಗೂ ಗೊತ್ತಿಲ್ಲ.”

ಈ ದೇಶದಲ್ಲಿ ಆ ಪ್ರಶ್ನೆ ಕೇಳುವುದು ತವರಿನ ಮನೆತನದ ಹೆಸರಿಗಾಗಿ. ಅನಸೂಯಮ್ಮನ ತವರಿಗೆ ಮನೆತನದ ಹೆಸರೇ ಇರಲಿಲ್ಲ. ಹಾಗಾಗಿ ಯಾವ ಕಳ್ಳ ಎಷ್ಟು ತಿಣುಕಿದರೂ ಈ ಉತ್ತರ ಊಹಿಸುವಂತಿರಲಿಲ್ಲ. ಅಕ್ಕಿಯ ತಟ್ಟೆಯ ಮುಂದೆ ಕೂತಿದ್ದವರೇ ಆಗಬೇಕು, ಇಲ್ಲವೇ ಅವರ ಮನೆಯವರು.

“ಅಮೆರಿಕದಲ್ಲಿ ನಿಮ್ಮಮ್ಮನ ತವರಿನ ಕಡೆಯೋರು ಯಾರಿದಾರೆ?”

“ಜಯತೀರ್ಥ ಮಾಮ ಒಬ್ಬರೇ. ಅಮ್ಮನ ತಮ್ಮ. ಹ್ಯೂಸ್ಟನ್ ಹತ್ರ ಸೈಪ್ರೆಸ್‌ನಲ್ಲಿದಾರೆ. ಛೇ ಛೇ, ಮಾಮ ಅಲ್ಲ ಅಕ್ಕ! ನನ್ನ ಎತ್ತಿ ಆಡಿಸಿದೋರು.”

“ಎಲ್ಲರೂ ಯಾರನ್ನೋ ಎತ್ತಿ ಆಡಿಸಿರ್ತಾರಮ್ಮ. ಏನು ಕೆಲಸ ಮಾಡ್ತಿದ್ರು ಅವರು?”

“ಆಯಿಲ್ ಕಂಪನೀಲಿದ್ರು, ಈಗ ರಿಟೈರ್ಡ್. ಪೈಪ್‌ಲೈನ್...” ಕೋಕಿಲಾಳ ಮಾತು ಅಲ್ಲಿಗೇ ನಿಂತಿತು.

ನಿರುಪಮಾ ಚಹಾದ ಲೋಟಗಳನ್ನು ತಂದಿಟ್ಟಳು. “ಮನಿ ಮಂದಿನ ಹಿಂಗ ಮಾಡಿದ್ರ ಯಾರನ್ನ ನಂಬೂದ್ರಿ ಅಕ್ಕಾರ?” ಎಂದು ನಿಟ್ಟುಸಿರಿಟ್ಟಳು.

“ನೀನು ಪಕ್ಕದ ಬೀದಿಯವಳು. ಆ ದಿನಗಳಲ್ಲಿ ಈ ಮನೆಗೆ ಯಾರಾದ್ರೂ ಬಂದು ಹೋಗಿದ್ದು ನೋಡಿದ್ಯಾ?”

“ನನಗ ಹೆಂಗ ಗೊತ್ತಾಗಬೇಕ್ರಿ? ಆವಾಗ ನಾ ಊರಾಗ ಇರಲಿಲ್ಲ. ಫ್ರಿಸ್ಕೋದಾಗ ನಮ್ಮ ಅಕ್ಕನ ಮನಿಯಾಗ ಇದ್ದೆ.”

ಶ್ರೀವಿದ್ಯಾ ಕಾರಿನ ಕೀಲಿ ತೆಗೆದುಕೊಂಡಳು. ಫೋನಿನಲ್ಲೇ ಕೇಳಬಹುದಲ್ಲ ಎಂದು ಕೋಕಿಲಾ ಅಂದದ್ದಕ್ಕೆ, ಫೋನಿನಲ್ಲಿ ಮುಖ ಕಾಣುವುದಿಲ್ಲ ಎಂದಳು.

“ಹೋಗಿ ಬರ್ರಿ. ಆಫೀಸಿನ ಫೋನ್ ಬರೂತನಕ ನಾ ಕೋಕೀನ ಬಿಟ್ಟು ಎಲ್ಲೂ ಹೋಗಂಗಿಲ್ಲ” ಎಂದು ನಿರುಪಮಾ ಗೆಳತಿಯ ಹೆಗಲು ತಬ್ಬಿಕೊಂಡಳು.

*

ಟೆಕ್ಸಸ್ಸಿನಲ್ಲಿ ಪತ್ತೇದಾರಿ ಮಾಡುವುದೆಂದರೆ ಮುಕ್ಕಾಲು ಪಾಲು ಡ್ರೈವ್ ಮಾಡುವುದು. ಊರೊಳಗೆ ನಡೆದುಕೊಂಡು ಹೋಗಿ ನಾಲ್ಕು ಮನೆ ಬಾಗಿಲು ತಟ್ಟುವ ಭಾಗ್ಯ ಇಲ್ಲಿನ ಪತ್ತೇದಾರರಿಗಿಲ್ಲ. ಸೈಪ್ರೆಸ್ ದಾರಿಯಲ್ಲಿ ಬ್ರೆನಮ್ ಊರು ದಾಟಿದ ಮೇಲೆ ಶ್ರೀವಿದ್ಯಾ ಕೋಕಿಲಾಳ ಗಂಡ ಪ್ರಶಾಂತನಿಗೆ ಫೋನ್ ಮಾಡಿದಳು. ಅವನು ಆಫೀಸಿನಲ್ಲಿದ್ದ.

“ಪ್ರಶಾಂತ್, ಕೋಕಿಲಾ ಇಂಡಿಯಾಗೆ ಹೋದಾಗ ಅವಳ ಇಲ್ಲಿನ ಫೋನ್ ಎಲ್ಲಿತ್ತು?”

“ಮನ್ಯಾಗ ಇತ್ರಿ, ಅಡಗಿಮನಿ ಚಾರ್ಜರಿಗೆ. ಬ್ಯಾಂಕಿಂದು ಅದು ಇದು ಕೋಡ್ ಬರ್ತಾವಂತ ಬಿಟ್ಟು ಹೋಗಿದ್ಲು.”

ಇದೂ ನಮ್ಮವರ ಒಂದು ಜಾಣತನ. ಇಂಡಿಯಾಗೆ ಹೊರಟವರು ಅಲ್ಲಿನ ಸಿಮ್ ಹಾಕಿದ ಹಳೇ ಫೋನ್ ಹಿಡಿದು ಹೋಗುತ್ತಾರೆ. ಇಲ್ಲಿನ ಫೋನು ಯಜಮಾನಿ ಇಲ್ಲದ ಮನೆಯಲ್ಲಿ ಚಾರ್ಜರಿಗೆ ನೇತುಬಿದ್ದು, ಬಂದ ಕೋಡನ್ನೆಲ್ಲ ಗೋಡೆಗೆ ತೋರಿಸುತ್ತಾ ಕೂತಿರುತ್ತದೆ.

“ಪೋರ್ಟಲಿಂದ ಕೋಡ್ ಬಂದಿದ್ದು ನೋಡಿದ್ಯಾ?”

“ಇಲ್ರಿ.”

“ಆಗ ನಿಮ್ಮನೇಲಿ ಬೇರೆ ಯಾರಾದ್ರೂ ಉಳ್ಕೊಂಡಿದ್ರಾ?”

“ಯಾರೂ ಇಲ್ರಿ, ನಾ ಒಬ್ಬನ ಇದ್ದೆ. ಸ್ವಲ್ಪ ಮೀಟಿಂಗ್ ಅದ, ಇಡ್ತೀನ್ರಿ.” ಇಟ್ಟೇಬಿಟ್ಟ.

ಹೆಂಡತಿಯ ಬಾಳು ತೂಗುಯ್ಯಾಲೆಯಲ್ಲಿದೆ, ಇವನಿಗೆ ಮೀಟಿಂಗು. ಫೋನನ್ನು ಯಾರೂ ಮುಟ್ಟಿಲ್ಲವೆಂದ ಮೇಲೆ ಕೋಡು ಇಮೇಲಿಗೆ ಹೋಗಿರಬೇಕು, ಆ ಮಾಮನಿಗೆ ಇವಳ ಇಮೇಲಿನ ಪಾಸ್‌ವರ್ಡೂ ಗೊತ್ತಿರಬೇಕು ಎಂದು ಲೆಕ್ಕ ಹಾಕಿ ಶ್ರೀವಿದ್ಯಾ ಗಾಡಿ ಓಡಿಸಿದಳು.

*

“ಟೋಲ್ ರೋಡಲ್ಲಿ ಬಂದ್ರಾ, ಫ್ರೀ ರೋಡಲ್ಲಾ?” ಕೋಕಿಲಾಳ ಕಡೆಯವಳು ಎಂದು ಹೇಳಿದ ಕೂಡಲೇ ಬಾಗಿಲು ತೆಗೆದ ಜಯತೀರ್ಥರು ಕೇಳಿದ ಮೊದಲ ಪ್ರಶ್ನೆ ಅದು.

ಸೈಪ್ರೆಸ್‌ನ ಒಂದೇ ಥರದ ಮನೆಗಳ ಸಾಲಿನಲ್ಲಿ ಅವರ ಮನೆ. ಹಣೆಯಲ್ಲಿ ಗಂಧ, ಮೈಮೇಲೆ ಟೆಕ್ಸಸ್ ಟೀ ಶರ್ಟು, ಕಿವಿ ಸ್ವಲ್ಪ ಮಂದವಾದ್ದರಿಂದ ದನಿ ಜೋರು. ಇಡೀ ಬಳಗದ ಆನ್‌ಲೈನ್ ಕೆಲಸಗಳಿಗೆ ಅವರೇ ಪುರೋಹಿತರು. ಯಾರ ವೀಸಾ ಸ್ಲಾಟಿರಲಿ, ಯಾರ ಟ್ಯಾಕ್ಸಿರಲಿ, ಯಾರ ವಿಮಾನದ ಚೆಕ್‌ಇನ್ ಇರಲಿ, ಕೇಳಿದರೂ ಮಾಡಿಕೊಡುತ್ತಿದ್ದರು, ಕೇಳದಿದ್ದರೂ ಮಾಡುತ್ತಿದ್ದರು.

“ಅಂಕಲ್, ನೇರವಾಗಿ ಕೇಳ್ತೀನಿ. ಕೋಕಿಲಾಳ ನಿರುದ್ಯೋಗ ಭತ್ಯೆಯ ಅಕೌಂಟಿಗೆ ನೀವು ಲಾಗಿನ್ ಆಗಿದ್ರಾ?”

“ನಾನ್ಯಾಕೆ ಆಗ್ಲಿ?” ಜಯತೀರ್ಥರು ಹುಬ್ಬು ಗಂಟಿಕ್ಕಿದರು. “ಅವಳೇ ಹೇಳಿದಾಳಲ್ಲ, ಮಾಮ, ಇನ್ಮೇಲೆ ನನ್ನ ಅಕೌಂಟುಗಳಿಗೆ ಕೈ ಹಾಕಬೇಡಿ ಅಂತ. ಅವತ್ತೇ ಬಿಟ್ಟೆ.”

“ಬಿಟ್ರಾ?” ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಬಂತು. “ನಿಮಗೆ ಬಿಡೋಕೆ ಬರುತ್ತಾ?”

“ನೀನು ಸುಮ್ನಿರೇ.”

ಹೀಗೆ ಎದುರಿಗೆ ನಿಂತು ಕೇಳಿದರೆ ಈ ಮನುಷ್ಯ ಬಾಗುವುದಿಲ್ಲ. ಶ್ರೀವಿದ್ಯಾ ಸೋಫಾಗೆ ಒರಗಿ ಕೂತಳು.

“ಹೋಗ್ಲಿ ಬಿಡಿ. ಅಂಕಲ್, ನೀವು ಆಯಿಲ್ ಕಂಪನೀಲಿದ್ರಂತೆ. ಪೈಪ್‌ಲೈನ್ ತುಕ್ಕು ತಪಾಸಣೆ ಅಂದ್ರೆ ಏನು?”

ಜಯತೀರ್ಥರ ಮುಖ ಅರಳಿತು. ಮಣ್ಣಿನ ತೇವದಿಂದ ಹಿಡಿದು ಉಕ್ಕಿನ ದಪ್ಪದವರೆಗೆ ಎಲ್ಲ ವಿವರಿಸಿದರು. ಶ್ರೀವಿದ್ಯಾ ಹೂಂಗುಟ್ಟುತ್ತಾ ಹೋದಳು. ಗಡಿಯಾರದ ಮುಳ್ಳು ಮೂರೂವರೆಯ ಕಡೆಗೆ ತೆವಳುತ್ತಿತ್ತು.

“ಈಗಲೂ ಇಂಥ ಕೆಲಸ ಸಿಗುತ್ತಾ?”

“ಸಿಗದೇ ಏನಮ್ಮ! ಬಂದರಿನ ಹತ್ರ ಖಾಲಿ ಇದೆ. ಬೇಟೌನ್‌ನಲ್ಲಿ ಸೇಫ್ಟಿ ಸೂಪರ್‌ವೈಸರ್ ಹುಡುಕ್ತಾ ಇದಾರೆ. ನಾನು ದಿನಾ ನೋಡ್ತಿರ್ತೀನಿ.”

“ಗೊತ್ತು ಅಂಕಲ್. ಅವೆರಡಕ್ಕೂ ಕೋಕಿಲಾ ಅರ್ಜಿ ಹಾಕಿದಾಳೆ ಅಂತ ನೀವು ಪೋರ್ಟಲಲ್ಲಿ ತುಂಬಿದೀರಲ್ಲ.”

ಜಯತೀರ್ಥರು ಹೆಂಡತಿ ಇದ್ದ ಅಡುಗೆಮನೆಯ ಕಡೆ ತಿರುಗಿ ನೋಡಿದರು.

“ಚೂಡಾಮಣಿ ಅನ್ನೋ ಹೆಸರು ಈ ದೇಶದಲ್ಲಿ ನಿಮಗೂ ಕೋಕಿಲಾಗೂ ಬಿಟ್ರೆ ಇನ್ಯಾರಿಗೂ ಗೊತ್ತಿಲ್ಲ” ಎಂದಳು ಶ್ರೀವಿದ್ಯಾ, ಈ ಸಲ ಮೆತ್ತಗೆ. “ಯಾಕೆ ಮಾಡಿದ್ರಿ?”

ಜಯತೀರ್ಥರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಸಿಟ್ಟಿನಿಂದಲೇ ಶುರು ಮಾಡಿದರು. “ಮಾಡದೆ ಏನ್ಮಾಡ್ಲಿ? ನಮ್ಮಕ್ಕ ಅಲ್ಲಿ ಸೊಂಟ ಮುರಕೊಂಡು ಮಲಗಿದಾಳೆ. ಈ ಹುಡುಗಿ ಹಗಲೂ ರಾತ್ರಿ ಅವಳ ಪಕ್ಕ ಕೂತಿದೆ. ದಿನ ತಪ್ಪಿದ್ರೆ ಭತ್ಯೆ ನಿಂತೇಹೋಗುತ್ತೆ ಅಂತ ಎಲ್ಲೋ ಓದಿದ್ದೆ. ಅವಳಿಗೆ ಅಲ್ಲಿ ಇದೆಲ್ಲ ಎಲ್ಲಿ ನೆನಪಿರುತ್ತೆ? ಯೂಸರ್ ಐಡಿ ಅವಳು ಈ ದೇಶಕ್ಕೆ ಬಂದಾಗ ನಾನೇ ಮಾಡಿಕೊಟ್ಟಿದ್ದು, ಎಲ್ಲಾ ಕಡೆ ಅದನ್ನೇ ಹಾಕ್ತಾಳೆ. ಒಂದು ಕ್ಲಿಕ್ ಮಾಡಿದೆ. ಅದೇನು ಕೊಲೆನಾ?”

“ಕೆಲಸಕ್ಕೆ ತಯಾರಿದ್ದೀರಾ ಅಂತ ಅದು ಕೇಳ್ತಲ್ಲ ಅಂಕಲ್, ಅದಕ್ಕೇನಂದ್ರಿ?”

“ಹೌದು ಅಂದೆ. ನಮ್ಮ ಕೋಕಿಲಾ ಯಾವತ್ತು ಕೆಲಸಕ್ಕೆ ತಯಾರಿಲ್ಲ? ಚಿಕ್ಕಂದಿನಿಂದ ಕಷ್ಟಜೀವಿ ಅದು!”

ಶ್ರೀವಿದ್ಯಾಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಸುಳ್ಳು ಕ್ಲೇಮು ಹಾಕಿದ ಎಷ್ಟೋ ಜನರನ್ನು ಅವಳು ಕಂಡಿದ್ದಳು. ಇಷ್ಟು ಪ್ರೀತಿಯಿಂದ ಹಾಕಿದವರನ್ನು ಕಂಡಿರಲಿಲ್ಲ. ಪ್ರೀತಿಯನ್ನು ಯಾವ ಕಾನೂನಿಗೆ ತಗುಲಿಸುವುದು?

ದೂರು, ತನಿಖೆ, ನಾಲ್ಕರ ಫೋನು, ಪ್ರಮಾಣವಚನ, ಎಲ್ಲವನ್ನೂ ಅವಳು ಬಿಡಿಸಿ ಹೇಳಿದಳು. ಹೇಳುತ್ತಾ ಹೋದಂತೆ ಜಯತೀರ್ಥರ ಜೋರು ದನಿ ಇಳಿಯುತ್ತಾ ಹೋಯಿತು. ಇದ್ಯಾವುದನ್ನೂ ಕೋಕಿಲಾ ಅವರಿಗೆ ಹೇಳಿರಲಿಲ್ಲ. ಮಾಮ ಗಾಬರಿಯಾಗುತ್ತಾರೆ ಅಂತ ಮುಚ್ಚಿಟ್ಟಿದ್ದಳು.

“ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ರಲ್ಲ!” ಹೆಂಡತಿ ಸೌಟು ಹಿಡಿದೇ ಹೊರಗೆ ಬಂದರು. “ಊರೋರ ಅಕೌಂಟಿಗೆ ಕೈ ಹಾಕಬೇಡಿ ಅಂತ ಯಾವತ್ತೂ ಬಡ್ಕೊಳ್ತೀನಿ. ಎಲ್ಲರ ಪಾಸ್‌ವರ್ಡೂ ನಿಮಗೇ ಬೇಕು.”

ಈ ಸಲ ಜಯತೀರ್ಥರು ಅವರನ್ನು ಸುಮ್ಮನಿರು ಅನ್ನಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. “ನನ್ನ ಹೆಸರು ಹೇಳಲಮ್ಮ ಅವಳು. ನಮ್ಮ ಮಾಮ ಮಾಡಿದ್ದು, ನಂಗೆ ಗೊತ್ತೇ ಇರಲಿಲ್ಲ ಅಂತ ಹೇಳ್ಲಿ. ಜೈಲಿಗೆ ಹಾಕ್ತಾರಾ, ಹಾಕ್ಲಿ. ಮಗು ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿಬಿಟ್ನಲ್ಲಪ್ಪ.”

“ಜೈಲಿನ ಮಾತು ಆಮೇಲೆ. ಮೊದಲು ನಂಗೊಂದು ಹೇಳಿ. ನೀವು ಈ ಕ್ಲಿಕ್ ಮಾಡಿದ್ದು ಯಾರಿಗೆ ಗೊತ್ತಿತ್ತು?”

“ಯಾರಿಗೂ ಇಲ್ಲ. ಇವಳಿಗೇ ಹೇಳಿರಲಿಲ್ಲ.”

“ಹಾಗಿದ್ರೆ ಕಚೇರಿಗೆ ದೂರು ಕೊಟ್ಟಿದ್ದು ಯಾರು? ಕೋಕಿಲಾ ಮೈಸೂರಲ್ಲಿದ್ದಳು ಅಂತ ಬೇಕಾದಷ್ಟು ಜನಕ್ಕೆ ಗೊತ್ತು. ಆದ್ರೆ ಅವಳ ಹೆಸರಲ್ಲಿ ಭತ್ಯೆ ಕೇಳಿದಾರೆ ಅಂತ ಗೊತ್ತಿರೋದು ಕೇಳಿದವರಿಗೆ ಮಾತ್ರ. ಅಂದ್ರೆ ನಿಮಗೆ ಮಾತ್ರ.”

“ನಾನೇ ನನ್ನ ಮೇಲೆ ದೂರು ಕೊಡ್ತೀನಾ?”

“ಅದನ್ನೇ ಕೇಳ್ತಿದೀನಿ. ಪಾಸ್‌ವರ್ಡ್ ಬದಲಾಯಿಸೋಕೆ ಒಂದು ಕೋಡ್ ಬೇಕಲ್ಲ. ಅದು ಇಮೇಲಿಗೆ ಬಂತಾ?”

“ಇಮೇಲೆಲ್ಲಿ? ಅವಳ ಫೋನಿಗೆ ಹೋಯ್ತು ಒಟಿಪಿ. ಸೀಡರ್ ಪಾರ್ಕ್ ಮನೆಯ ಫೋನಿಗೆ.”

ಶ್ರೀವಿದ್ಯಾ ನೆಟ್ಟಗೆ ಕೂತಳು. “ಮತ್ತೆ ನಿಮ್ಮ ಕೈಗೆ ಹೇಗೆ ಬಂತು?”

“ಆ ನಂಬರಿಗೇ ಫೋನ್ ಮಾಡಿದೆ. ಎತ್ತಿದ್ರು. ಓದಿ ಹೇಳಿದ್ರು.”

“ಪ್ರಶಾಂತ್?”

“ಪ್ರಶಾಂತ ಅಲ್ಲ. ಯಾರೋ ಹೆಣ್ಮಗಳು.”

ಅಡುಗೆಮನೆಯಲ್ಲಿ ಒಗ್ಗರಣೆ ಸೀಯುತ್ತಿತ್ತು. ಅತ್ತ ಯಾರೂ ತಿರುಗಲಿಲ್ಲ.

“ಯಾವ ಹೆಣ್ಮಗಳು ಅಂಕಲ್?”

“ನಂಗೇನು ಗೊತ್ತು? ಧಾರವಾಡದ ಕಡೆ ಮಾತು. ಪ್ರಶಾಂತನ ಊರು ಅದೇ ಅಲ್ವಾ? ಬೀಗರ ಕಡೆಯೋರು ಯಾರೋ ಬಂದಿರಬೇಕು, ಅವನಿಗೆ ಅಡುಗೆ ಗಿಡುಗೆ ಮಾಡಿ ಹಾಕೋಕೆ ಅಂದ್ಕೊಂಡೆ.”

“ಹೆಸರು ಕೇಳಲಿಲ್ವಾ?”

“ಅಳಿಯನ ಮನೆ ಕಣಮ್ಮ! ನೀನ್ಯಾರು ತಾಯಿ ಅಂತ ಬೀಗರನ್ನ ಕೇಳೋಕಾಗುತ್ತಾ? ಮರ್ಯಾದೆ ಬೇಡ್ವಾ?”

“ಊರೋರ ಪಾಸ್‌ವರ್ಡೆಲ್ಲ ಕೇಳುವಾಗ ಅಡ್ಡ ಬರದೇ ಇದ್ದ ಮರ್ಯಾದೆ, ಒಂದು ಹೆಸರು ಕೇಳೋಕೆ ಅಡ್ಡ ಬಂತಾ ಅಂಕಲ್!” ಶ್ರೀವಿದ್ಯಾಳ ತಾಳ್ಮೆ ಕೊನೆಗೂ ತಪ್ಪಿತು. “ಎಷ್ಟು ಹೊತ್ತಿಗೆ ಮಾಡಿದ್ರಿ ಫೋನು?”

“ಬೆಳಿಗ್ಗೆ. ನಂದು ಸಂಧ್ಯಾವಂದನೆ ಆಗ್ತಾನೇ ಮುಗಿದಿತ್ತು. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ.”

“ಆಕೆಗೆ ಏನಂತ ಹೇಳಿ ಕೋಡ್ ಕೇಳಿದ್ರಿ?”

“ಇದ್ದದ್ದು ಇದ್ದ ಹಾಗೆ. ಕೋಕಿಲಾ ಮೈಸೂರಲ್ಲಿದಾಳಲ್ಲ, ಅವಳ ಭತ್ಯೆ ನಾನು ಹಾಕ್ತಿದೀನಿ, ನಂಬರ್ ಬಂದಿರುತ್ತೆ, ಸ್ವಲ್ಪ ಓದಮ್ಮ ಅಂದೆ. ಬರ್ಕೊಳ್ರಿ ಅಂತ ಓದಿದ್ಳು. ಒಳ್ಳೆ ಹುಡುಗಿ, ಎರಡು ಸಲ ನಿಧಾನವಾಗಿ ಓದಿದ್ಳು.”

ಅಂದರೆ ಈ ವಿಷಯ ಗೊತ್ತಿದ್ದವರು, ದೂರು ಕೊಡಬಲ್ಲವರು, ಇನ್ನೊಬ್ಬರಿದ್ದರು. ಬೆಳಕು ಹರಿಯುವ ಮೊದಲೇ ಕೋಕಿಲಾಳ ಅಡುಗೆಮನೆಯಲ್ಲಿ ನಿಂತು, ಕೋಕಿಲಾಳ ಫೋನು ಎತ್ತುವಷ್ಟು ಸಲಿಗೆ ಇದ್ದವರು. ಮನೆಗೆ ಯಾರೂ ಬಂದಿರಲಿಲ್ಲ ಎಂದು ಪ್ರಶಾಂತ ಹೇಳಿದ್ದ. ಮೀಟಿಂಗ್ ಅದ ಅಂತ ಅವನು ಅವಸರದಲ್ಲಿ ಫೋನಿಟ್ಟದ್ದು ಈಗ ಶ್ರೀವಿದ್ಯಾಳ ಕಿವಿಯಲ್ಲಿ ಬೇರೆ ಥರ ಕೇಳಿಸಿತು.

ಇದನ್ನು ಕೋಕಿಲಾಗೆ ಹೇಳುವುದು ಹೇಗೆ? ಅದೂ ಈ ಹೊತ್ತಿನಲ್ಲಿ? ನಾಲ್ಕಕ್ಕೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಈಗ ಮಾಮನ ತಪ್ಪೊಪ್ಪಿಗೆಯನ್ನಷ್ಟೇ ಕೇಳಿಸಿಬಿಡೋಣ, ತನಿಖೆಯ ಫೋನು ಮುಗಿಯಲಿ, ಆ ಹೆಣ್ಮಗಳ ಸಂಗತಿಯನ್ನು ತಾನೇ ಹೋಗಿ ಎದುರಿಗೆ ಕೂತು ಹೇಳಿದರಾಯಿತು ಎಂದು ಶ್ರೀವಿದ್ಯಾ ತೀರ್ಮಾನಿಸಿದಳು.

“ಅಂಕಲ್, ಕೋಕಿಲಾಗೆ ಫೋನ್ ಮಾಡ್ತೀನಿ. ಭತ್ಯೆ ಹಾಕಿದ್ದು ನಾನು ಅಂತ ಅಷ್ಟೇ ಹೇಳಿ. ಆ ಹೆಂಗಸಿನ ಮಾತು ಎತ್ತಬೇಡಿ. ಗೊತ್ತಾಯ್ತಾ?”

“ಆಯ್ತಮ್ಮ, ಆಯ್ತು.”

ಜಯತೀರ್ಥರ ಕಿವಿಗೆ ಕೇಳಲಿ ಅಂತ ಅವಳು ಸ್ಪೀಕರ್ ಹಾಕಿ ಫೋನನ್ನು ಟೀಪಾಯಿಯ ಮೇಲಿಟ್ಟಳು. ರಿಂಗಾಯಿತು. ಎತ್ತಿದರು.

“ಹಾಂ, ಹೇಳ್ರಿ ಅಕ್ಕಾರ” ಎಂದಿತು ಆ ಕಡೆಯಿಂದ ನಿರುಪಮಾಳ ದನಿ. “ಕೋಕಿ ಮುಖಾ ತೊಳಕೊಳ್ಳಾಕ ಹೋಗ್ಯಾಳ. ಏನರ ಹೇಳೂದಿತ್ತೇನ್ರಿ? ಹೇಳ್ರಿ, ಬರ್ಕೊಳ್ತೀನಿ.”

ಜಯತೀರ್ಥರು ಮಂದ ಕಿವಿಯನ್ನು ಫೋನಿನ ಹತ್ತಿರ ತಂದರು. ಹುಬ್ಬು ಮೇಲೇರಿತು. ಶ್ರೀವಿದ್ಯಾ ಅವರ ಮುಖ ನೋಡಿದಳು, ನೋಡಿದ ಕೂಡಲೇ ಫೋನಿಗೆ ಕೈ ಚಾಚಿದಳು. ತಡವಾಗಿತ್ತು.

“ಇದೇ ದನಿ ಕಣಮ್ಮ!” ಎಂದು ಅವರು ತಮ್ಮ ಎಂದಿನ ಜೋರು ಗಂಟಲಿನಲ್ಲಿ, ಕಳೆದುಹೋದ ನೆಂಟರು ಸಿಕ್ಕ ಸಂತೋಷದಲ್ಲಿ ಕೂಗಿದರು. “ಅವತ್ತು ಬೆಳಿಗ್ಗೆ ಕೋಕಿಲಾ ಫೋನ್ ಎತ್ತಿ ನಂಬರ್ ಓದಿ ಹೇಳಿದ್ದು ಇವಳೇ!”

ಸೀಡರ್ ಪಾರ್ಕಿನ ಅಡುಗೆಮನೆಯಲ್ಲಿ ಫ್ರಿಜ್ಜು ಗುಂಯ್‌ಗುಡುವುದು ಇಲ್ಲಿಗೆ ಕೇಳುತ್ತಿತ್ತು. ಆಮೇಲೆ, ಫೋನಿನಿಂದ ಸ್ವಲ್ಪ ದೂರದಲ್ಲಿ, ಇನ್ನೊಂದು ದನಿ ಕೇಳಿಸಿತು. ಅಲ್ಲಿಯೂ ಸ್ಪೀಕರ್ ಹಾಕಿತ್ತು ಎಂದು ಶ್ರೀವಿದ್ಯಾಗೆ ಆಗ ಗೊತ್ತಾಯಿತು.

“ನಿರು, ನೀನು ಫ್ರಿಸ್ಕೋದಲ್ಲಿದ್ದೆ ಅಂದ್ಯಲ್ಲ?”

“ಕೋಕಿ, ನಾ ಹೇಳ್ತೀನಿ ಕೇಳು...”

“ಯಾವತ್ತು ಬೆಳಿಗ್ಗೆ ಮಾಮ? ನಮ್ಮನೇಲಾ?”

ಜಯತೀರ್ಥರಿಗೆ ಈಗ ಅರ್ಥವಾಯಿತು. ಅವರು ಟವೆಲನ್ನು ಬಾಯಿಗೆ ಒತ್ತಿಕೊಂಡು ಶ್ರೀವಿದ್ಯಾಳನ್ನು ನೋಡಿದರು. ಆ ಕಡೆ ಕುರ್ಚಿಯೊಂದು ಕೊರಕ್ಕೆಂದು ಹಿಂದೆ ಸರಿಯಿತು. ಯಾರೋ ಬಿರಬಿರನೆ ನಡೆದುಹೋದರು, ಬಾಗಿಲು ಬಡಿದುಕೊಂಡಿತು.

ಅದರ ಹಿಂದೆಯೇ ಫೋನಿನಲ್ಲಿ ಬೀಪ್ ಬೀಪ್ ಎಂದು ಬೇರೆ ಕರೆಯ ಸದ್ದು ಶುರುವಾಯಿತು.

“ಅಕ್ಕ” ಎಂದಳು ಕೋಕಿಲಾ. ಬೆಳಗಿನಿಂದ ಅಳುತ್ತಿದ್ದವಳ ದನಿಯಲ್ಲಿ ಈಗ ಅಳು ಇರಲಿಲ್ಲ. “ಭತ್ಯೆ ಆಫೀಸಿನವರ ಕಾಲ್ ಬರ್ತಿದೆ. ನಾನಿಲ್ಲದಾಗ ನನ್ನ ಫೋನ್ ಯಾರ ಕೈಲಿತ್ತು ಅಂತ ಕೇಳ್ತಾರೆ. ನನ್ನ ಗಂಡನ ಕೈಲಿತ್ತು ಅನ್ಲಾ, ಗಂಡನ ಜೊತೆ ಇದ್ದೋಳ ಕೈಲಿತ್ತು ಅನ್ಲಾ?”